ಎಡಿಟರ್‌ನಲ್ಲಿ ಒಂದು ಬಣ್ಣ, ಬ್ರೌಸರ್‌ನಲ್ಲಿ ಇನ್ನೊಂದೇ?

ಗಂಟೆಗಟ್ಟಲೆ ಕೂತು ಎಡಿಟ್ ಮಾಡಿದ ಫೋಟೊವನ್ನು ಬ್ರೌಸರ್‌ನಲ್ಲಿ ತೆರೆದರೆ ಮುಖವೆಲ್ಲ ಪೇಲವ, ಹಸಿರು ಮಂಕು. ಬೇಜಾರಾಗುತ್ತದೆ ಅಲ್ವಾ? ಆದರೆ ತಕ್ಷಣ ಫೋಟೊ ತಿದ್ದಲು ಕೂರಬೇಡಿ. ಎಡವಟ್ಟು ಬೇರೆ ಕಡೆ ಇರಬಹುದು.

ಫೋಟೊ ಫೈಲಿನಲ್ಲಿ ಇರುವುದು ಬರೀ ಸಂಖ್ಯೆಗಳು. ಕೆಂಪು 200, ಹಸಿರು 80, ನೀಲಿ 60 ಎಂದರೆ ನಿಜಕ್ಕೂ ಯಾವ ಬಣ್ಣ ಎಂದು ಹೇಳುವುದು ಅದರೊಳಗಿನ ಕಲರ್ ಪ್ರೊಫೈಲ್. ಮಾನಿಟರ್‌ಗೂ ಒಂದು ಪ್ರೊಫೈಲ್ ಇರುತ್ತದೆ. ಎರಡನ್ನೂ ಓದಿ ಲೆಕ್ಕ ಹೊಂದಿಸುವುದು ಬ್ರೌಸರ್‌ನ ಕೆಲಸ.

ಮಾನಿಟರ್‌ನಿಂದಲೇ ಶುರು ಮಾಡಿ. ಪರದೆಯನ್ನು ಹಳದಿಯಾಗಿಸುವ ನೈಟ್ ಲೈಟ್ ಆಫ್ ಮಾಡಿ; ರಾತ್ರಿ ಎಡಿಟ್ ಮಾಡುವವರು ಇದನ್ನೇ ಮರೆಯುತ್ತಾರೆ. ಮಾನಿಟರ್ ಆನ್ ಮಾಡಿದ ಮೇಲೆ ಅದು ಸ್ಥಿರವಾಗಲು ಅರ್ಧ ಗಂಟೆ ಬಿಡಿ. ಮಾನಿಟರ್‌ನ ಮೆನುವಿನಲ್ಲಿ 'ವಿವಿಡ್' ಮೋಡ್ ಇದ್ದರೆ ತೆಗೆದು, ಎಸ್‌ಆರ್‌ಜಿಬಿ (ವೆಬ್‌ನಲ್ಲಿ ಬಳಸುವ ಸಾಮಾನ್ಯ ಬಣ್ಣದ ಅಳತೆ) ಮೋಡ್ ಇದ್ದರೆ ಅದನ್ನು ಆರಿಸಿ. ಇಲ್ಲದಿದ್ದರೆ ಬಿಳಿಯ ಛಾಯೆಯನ್ನು (ಮೆನುವಿನಲ್ಲಿ 'ಕಲರ್ ಟೆಂಪರೇಚರ್') 6500 ಕೆಲ್ವಿನ್‌ಗೆ ಇಡಿ. ಫೋಟೊ ಕೆಲಸ ಜಾಸ್ತಿ ಇದ್ದರೆ ಕ್ಯಾಲಿಬ್ರೇಟರ್ ಕೊಳ್ಳುವುದೇ ಒಳ್ಳೆಯದು. ಪರದೆಯ ಮೇಲೆ ಇಟ್ಟರೆ ಅದು ಬಣ್ಣ ಅಳೆಯುತ್ತದೆ, ಆ ಅಳತೆಯಿಂದ ನಿಮ್ಮ ಮಾನಿಟರ್‌ನದೇ ಪ್ರೊಫೈಲ್ ತಯಾರಾಗುತ್ತದೆ. ಕಣ್ಣಿನ ಅಂದಾಜನ್ನು ಇಲ್ಲಿ ನಂಬಬೇಡಿ. ಯಾವ ಮೋಡ್‌ನಲ್ಲಿ ಅಳೆದಿರೋ ಆಮೇಲೂ ಅದೇ ಮೋಡ್ ಇರಲಿ. ಪ್ರೊಫೈಲ್ ಬದಲಿಸಿದ ಮೇಲೆ ಬ್ರೌಸರ್ ಮುಚ್ಚಿ ಮತ್ತೆ ತೆರೆಯಿರಿ.

ಇನ್ನು ಫೋಟೊ. ನಾನು ನೋಡಿದಂತೆ ಹೆಚ್ಚು ಜನ ಎಡವುವುದು ಇಲ್ಲೇ. ಎಸ್‌ಆರ್‌ಜಿಬಿಗಿಂತ ಹೆಚ್ಚು ಬಣ್ಣ ಹಿಡಿಯುವ ಅಡೋಬಿ ಆರ್‌ಜಿಬಿ ಎಂಬ ಅಳತೆಯಲ್ಲಿ ಎಡಿಟ್ ಮಾಡಿ ಹಾಗೇ ಸೇವ್ ಮಾಡುತ್ತಾರೆ. ಕೆಲವು ಸೈಟುಗಳು ಅಪ್‌ಲೋಡ್ ಆಗುವಾಗ ಪ್ರೊಫೈಲನ್ನೇ ಕಿತ್ತುಹಾಕುತ್ತವೆ. ಪ್ರೊಫೈಲ್ ಇಲ್ಲದ ಫೋಟೊವನ್ನು ಎಸ್‌ಆರ್‌ಜಿಬಿ ಎಂದು ತಿಳಿಯುವುದು ವೆಬ್‌ನ ನಿಯಮ. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ಸೇರಿ ರೂಪಿಸಿದ ಅಳತೆ ಅದು. ದೊಡ್ಡ ಅಳತೆಯ ಸಂಖ್ಯೆಗಳನ್ನು ಚಿಕ್ಕ ಅಳತೆಯಲ್ಲಿ ಓದಿದಾಗ ಬಣ್ಣ ಸಪ್ಪೆಯಾಗುತ್ತದೆ.

ಹಾಗಾಗಿ ಎಕ್ಸ್‌ಪೋರ್ಟ್ ಮಾಡುವಾಗ 'ಕನ್ವರ್ಟ್ ಟು ಎಸ್‌ಆರ್‌ಜಿಬಿ' ಆರಿಸಿ. 'ಅಸೈನ್' ಬೇಡ, ಅದು ಸಂಖ್ಯೆಗಳನ್ನು ಹಾಗೇ ಬಿಟ್ಟು ಸುಮ್ನೆ ಹೆಸರುಚೀಟಿ ಬದಲಿಸುತ್ತದೆ. 'ಎಂಬೆಡ್ ಪ್ರೊಫೈಲ್' ಎಂಬಲ್ಲಿ ಟಿಕ್ ಇರಲಿ.

ಬ್ರೌಸರ್‌ನಲ್ಲಿ ಕೆಲಸ ಕಡಿಮೆ. ಸಫಾರಿಯಲ್ಲಿ ಏನೂ ಮಾಡಬೇಕಿಲ್ಲ. ಕ್ರೋಮ್‌ನ ಫ್ಲ್ಯಾಗ್ಸ್ ಪುಟದಲ್ಲಿ (ವಿಳಾಸದ ಜಾಗದಲ್ಲಿ chrome://flags) 'ಫೋರ್ಸ್ ಕಲರ್ ಪ್ರೊಫೈಲ್' ಡಿಫಾಲ್ಟ್‌ನಲ್ಲೇ ಇರಲಿ. ಬೇರೆಯದನ್ನು ಒತ್ತಿದರೆ ನಿಮ್ಮ ಮಾನಿಟರ್‌ನ ಪ್ರೊಫೈಲ್ ಲೆಕ್ಕಕ್ಕೇ ಬರುವುದಿಲ್ಲ. ಫೈರ್‌ಫಾಕ್ಸ್‌ನ ಕಾನ್ಫಿಗ್ ಪುಟದಲ್ಲಿ (about:config) ಕಲರ್ ಮ್ಯಾನೇಜ್‌ಮೆಂಟ್ ಮೋಡ್ (gfx.color_management.mode) ಸಾಮಾನ್ಯವಾಗಿ 2 ಇರುತ್ತದೆ, ಅಂದರೆ ಪ್ರೊಫೈಲ್ ಇರುವ ಫೋಟೊಗಳನ್ನು ಮಾತ್ರ ಸರಿಹೊಂದಿಸುತ್ತದೆ. ಅದನ್ನು 1 ಮಾಡಿದರೆ ಪ್ರೊಫೈಲ್ ಇಲ್ಲದವಕ್ಕೂ ಲೆಕ್ಕ ಸರಿಯಾಗುತ್ತದೆ. ಜಾಸ್ತಿ ಬಣ್ಣ ತೋರಿಸುವ ಮಾನಿಟರ್‌ನಲ್ಲಿ ಮುಖ ಕೆಂಪಗೆ ಉರಿಯುವಂತೆ ಕಾಣುವುದು ಇದರಿಂದ ನಿಲ್ಲುತ್ತದೆ.

ಈಗ ಅದೇ ಫೈಲನ್ನು ಎಡಿಟರ್‌ನಲ್ಲೂ ಬ್ರೌಸರ್‌ನಲ್ಲೂ ಅಕ್ಕಪಕ್ಕ ತೆರೆಯಿರಿ. ಎರಡೂ ಒಂದೇ ಮಾನಿಟರ್‌ನಲ್ಲಿರಲಿ. ಮೊದಲು ಚರ್ಮದ ಬಣ್ಣ ನೋಡಿ, ಆಮೇಲೆ ನಸು ಬೂದು ಬಣ್ಣದ ಜಾಗ ನೋಡಿ. ಬಣ್ಣ ಒಂದಿಷ್ಟು ವಾಲಿದ್ದರೂ ಆ ಬೂದಿನಲ್ಲಿ ಕೂಡಲೇ ಗೊತ್ತಾಗುತ್ತದೆ.