ಬುಲ್‌ಗೆ ಚಿಕ್ಕ ಬಿ, ಭೀಮನಿಗೆ ದೊಡ್ಡ ಬಿ

ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಲಿ-ಕಲಿ ಟೀಚರ್. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂರುತ್ತಾರೆ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಶುರುವಾದದ್ದು 2007-08ರಲ್ಲಿ. ಎಬಿಸಿಡಿ ಕಲಿಸುವುದು ನನಗೆ ಅಷ್ಟೇನೂ ಕಷ್ಟ ಅನ್ನಿಸುವುದಿಲ್ಲ. ಹಾಡಿನಲ್ಲೇ ಅರ್ಧ ಬಂದುಬಿಡುತ್ತದೆ. ಜಾಸ್ತಿ ತಲೆ ತಿನ್ನುವುದು ಹೆಸರುಗಳಿಗೆ ಕ್ಯಾಪಿಟಲ್ ಅಕ್ಷರ ಹಾಕಿಸುವ ಕೆಲಸ.

ಕನ್ನಡದಲ್ಲಿ ಈ ಗೋಜೇ ಇಲ್ಲ. 'ಕಮಲ' ಅಂತ ಬರೆದರೆ ಹೂವೂ ಹೌದು, ಮೂರನೇ ತರಗತಿಯ ಹುಡುಗಿಯೂ ಹೌದು. ಯಾವುದು ಅನ್ನುವುದು ಮುಂದಿನ ಮಾತಿನಿಂದ ಗೊತ್ತಾಗುತ್ತದೆ. ಅಂಥ ಮಗುವಿಗೆ 26 ಅಕ್ಷರ ಕಲಿಸಿ, ಅದು ಉಸಿರು ಬಿಡುವಷ್ಟರಲ್ಲಿ ಇನ್ನೂ 26 ಆಕಾರ ತಂದಿಟ್ಟು, ಯಾವಾಗ ಯಾವುದು ಅಂತಲೂ ಹೇಳಬೇಕು.

ಹೆಸರಿಗೆ ಮರ್ಯಾದೆ ಕೊಡಬೇಕು, ಅದಕ್ಕೇ ದೊಡ್ಡಕ್ಷರ ಅಂತ ಹೇಳಿಕೊಡುವವರು ಬಹಳ ಜನ. ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಮಕ್ಕಳಿಗೆ ಮರ್ಯಾದೆ ಅಂದರೇನು ಅಂತ ನಮಗಿಂತ ಚೆನ್ನಾಗಿ ಗೊತ್ತು. ಅಜ್ಜನಿಗೆ ಕೊಡಬೇಕು, ಟೀಚರ್‌ಗೆ ಕೊಡಬೇಕು. ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕು. ಹಾಗಾದರೆ ಬುಕ್‌ಗೂ ದೊಡ್ಡ ಬಿ ಬೇಕಲ್ವಾ? ದೀಪಾವಳಿಗೆ ಆಕಳಿಗೆ ಪೂಜೆ ಮಾಡುತ್ತೇವೆ, ಅದಕ್ಕೆ ಕೌಗೂ ದೊಡ್ಡ ಸಿ. ಬಾಗಿಲ ಹೊರಗೆ ಮಲಗುವ ನಾಯಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ, ಆದರೆ ಅದರ ಹೆಸರು ರಾಜ. ಅದಕ್ಕೇನು ಮಾಡೋಣ? ಅದಕ್ಕೇ ಮರ್ಯಾದೆಯ ಮಾತನ್ನು ನಾನು ತರಗತಿಗೆ ತರುವುದೇ ಇಲ್ಲ.

ನಾನು ಕೇಳುವುದು ಒಂದೇ ಪ್ರಶ್ನೆ: 'ಇದಕ್ಕೆ ಯಾರಾದರೂ ಹೆಸರು ಇಟ್ಟಿದ್ದಾರಾ?' ತೊಟ್ಟಿಲಿಗೆ ಹಾಕುವುದನ್ನು ಎಲ್ಲ ಮಕ್ಕಳೂ ನೋಡಿರುತ್ತಾರೆ. ಸೋದರತ್ತೆ ಕೂಸಿನ ಕಿವಿಯಲ್ಲಿ ಕುರ್ರ್ ಅಂದು ಹೆಸರು ಹೇಳುತ್ತಾಳೆ. ಅಲ್ಲಿಯವರೆಗೆ ಅದು ಸುಮ್ನೆ ಪಾಪು, ಆಮೇಲೆ ಅದಕ್ಕೊಂದು ಹೆಸರು. ಪಾಪುಗೆ ಚಿಕ್ಕಕ್ಷರ, ಇಟ್ಟ ಹೆಸರಿಗೆ ದೊಡ್ಡಕ್ಷರ. ಇಷ್ಟು ಹೇಳಿ ಬಿಟ್ಟರೆ ಮುಂದಿನದನ್ನು ಮಕ್ಕಳೇ ಎಳೆದುಕೊಂಡು ಹೋಗುತ್ತಾರೆ.

'ಟೀಚರ್, ನಮ್ಮ ಎತ್ತಿಗೂ ಹೆಸರೈತ್ರೀ!'

'ಏನಪ್ಪಾ ಹೆಸರು?'

'ಭೀಮ ರೀ.'

ಇದಕ್ಕಿಂತ ಒಳ್ಳೆಯ ಪಾಠ ಪುಸ್ತಕದಲ್ಲಿ ಸಿಗಲಿಕ್ಕಿಲ್ಲ. ಬುಲ್‌ಗೂ ಬಿ, ಭೀಮನಿಗೂ ಬಿ. ಬೋರ್ಡಿನ ಮೇಲೆ ಒಂದರ ಪಕ್ಕ ಒಂದು ಬರೆದೆ. ಬುಲ್ ಅಂದರೆ ಊರಿನ ಯಾವ ಎತ್ತಾದರೂ ಸೈ, ಭೀಮ ಅಂದರೆ ಇವನ ಮನೆಯ ಎತ್ತು. ಅವತ್ತಿನಿಂದ ಇಂಥ ಜೋಡಿಗಳನ್ನು ಹುಡುಕುವುದೇ ನಮ್ಮ ಆಟ. ರಿವರ್‌ಗೆ ಚಿಕ್ಕ ಆರ್, ವರದಾಗೆ ದೊಡ್ಡ ವಿ. ವಿಲೇಜ್ ಚಿಕ್ಕದು, ಊರಿನ ಹೆಸರು ದೊಡ್ಡದು. ಬ್ಯಾಡಗಿ ಮೆಣಸಿನಕಾಯಿ ಬಂದಾಗ ಸ್ವಲ್ಪ ಜಗಳವೇ ಆಯಿತು. ಒಬ್ಬಳು ಎರಡಕ್ಕೂ ದೊಡ್ಡದು ಅಂದಳು, ಇನ್ನೊಬ್ಬ ಎರಡಕ್ಕೂ ಚಿಕ್ಕದು ಅಂದ. ಕಡೆಗೆ ಊರಿಗೆ ದೊಡ್ಡ ಬಿ, ಚಿಲ್ಲಿಗೆ ಚಿಕ್ಕ ಸಿ ಅಂತ ತೀರ್ಮಾನವಾಯಿತು. ಧಾರವಾಡ ಪೇಡೆಗೂ ಅದೇ ನ್ಯಾಯ.

ವಾಕ್ಯದಲ್ಲಿ ಅಭ್ಯಾಸ ಮಾಡಿಸುವಾಗ ಶುರುವಿನಲ್ಲಿ ಒಂದು ಎಚ್ಚರ ಇಟ್ಟುಕೊಳ್ಳುತ್ತೇನೆ. ಹೆಸರು ವಾಕ್ಯದ ಮೊದಲಿಗೆ ಬರಬಾರದು. 'ಮೈ ನೇಮ್ ಈಸ್' ಆದಮೇಲೆ ಹೆಸರು, 'ಐ ಲಿವ್ ಇನ್' ಆದಮೇಲೆ ಊರು. ಯಾಕೆಂದರೆ ವಾಕ್ಯದ ಮೊದಲ ಅಕ್ಷರ ಹೇಗೂ ದೊಡ್ಡದೇ. ಅಲ್ಲೇ ಹೆಸರೂ ಬಂದರೆ, ಮಗು ಹೆಸರು ಅಂತ ತಿಳಿದು ದೊಡ್ಡಕ್ಷರ ಹಾಕಿತೋ, ವಾಕ್ಯ ಶುರು ಅಂತ ಹಾಕಿತೋ, ನಮಗೆ ತಿಳಿಯುವುದಿಲ್ಲ. ಉಕ್ತಲೇಖನ ಕೊಡುವಾಗಲೂ ಮೊದಲು ವಾಕ್ಯ ಓದಿ, 'ಇದರಲ್ಲಿ ಎಷ್ಟು ಹೆಸರು ಇದೆ?' ಅಂತ ಕೇಳುತ್ತೇನೆ. ಬೆರಳು ಎತ್ತಿ ತೋರಿಸಿದ ಮೇಲೇ ಪೆನ್ಸಿಲ್ ಹಿಡಿಯಬೇಕು.

ಇನ್ನು ಕೈಬರಹದ ವಿಷಯ. ಅಕ್ಷರ ದೊಡ್ಡದು ಅಂದರೆ ಮಕ್ಕಳು ಅದೇ ಚಿಕ್ಕ ಎ-ಯನ್ನು ಲಡ್ಡು ಗಾತ್ರಕ್ಕೆ ಬರೆದು ತರುತ್ತಾರೆ. ಅದಕ್ಕೆ ನಾಲ್ಕು ಗೆರೆಯ ಕಾಪಿ ಪುಸ್ತಕವೇ ಬೇಕು. ಸಿ, ಓ, ಎಸ್, ವಿ, ಡಬ್ಲ್ಯೂ, ಎಕ್ಸ್, ಝಡ್ ಇವುಗಳಿಗೆ ಆಕಾರ ಒಂದೇ, ಎತ್ತರ ಮಾತ್ರ ಬೇರೆ. ಚಿಕ್ಕದು ಎರಡು ನೀಲಿ ಗೆರೆಗಳ ನಡುವೆ ಕೂರುತ್ತದೆ, ದೊಡ್ಡದು ಮೇಲಿನ ಕೆಂಪು ಗೆರೆ ಮುಟ್ಟುತ್ತದೆ. ಈ ಕೆಂಪು ಗೆರೆಯ ಗುರುತನ್ನು ಎಲ್ಲ ಅಕ್ಷರಕ್ಕೂ ಹೇಳಬೇಡಿ. ಚಿಕ್ಕ ಬಿ, ಡಿ, ಎಚ್, ಕೆ, ಎಲ್ ಕೂಡ ಕೆಂಪು ಗೆರೆ ಮುಟ್ಟುತ್ತವೆ, ಆಗ ಮಕ್ಕಳು ನಮ್ಮನ್ನೇ ಹಿಡಿಯುತ್ತಾರೆ. ನಮ್ಮಲ್ಲಿ ಎಸ್‌ನಿಂದ ಶುರುವಾಗುವ ಹೆಸರು ಬಹಳ. ಗೆರೆ ಇಲ್ಲದ ಹಾಳೆಯಲ್ಲಿ ಅವರು ಬರೆದದ್ದು ದೊಡ್ಡ ಎಸ್ಸೋ ಚಿಕ್ಕ ಎಸ್ಸೋ ಅಂತ ನಾನು ವಾದಕ್ಕೆ ಇಳಿಯುವುದಿಲ್ಲ.

ಪದದ ನಡುವೆ ಧುತ್ತೆಂದು ಬರುವ ದೊಡ್ಡ ಬಿ, ದೊಡ್ಡ ಡಿ ನೋಡಿದ್ದೀರಾ? ರ್‍ಯಾಬಿಟ್‌ನ ಹೊಟ್ಟೆಯಲ್ಲಿ ಎರಡು ದೊಡ್ಡ ಬಿ, ರೆಡ್‌ನ ಕೊನೆಗೆ ದೊಡ್ಡ ಡಿ. ಇದನ್ನು ನೋಡಿ 'ನಿಯಮ ಗೊತ್ತಿಲ್ಲ' ಅಂತ ಕೆಂಪು ಪೆನ್ನು ಎತ್ತುವುದು ಅನ್ಯಾಯ. ಚಿಕ್ಕ ಬಿ ಮತ್ತು ಡಿ ಕನ್ನಡಿಯಲ್ಲಿ ನೋಡಿದ ಹಾಗೆ ಇರುತ್ತವೆ. ಹೊಟ್ಟೆ ಯಾವ ಕಡೆ ಅಂತ ನೆನಪಾಗದ ಮಗು ಜಾಣತನದಿಂದ ದೊಡ್ಡದನ್ನೇ ಬರೆದು ಪಾರಾಗುತ್ತದೆ. ಅದು ದಾರಿ ಹುಡುಕಿಕೊಂಡ ಮಗು. ಅದಕ್ಕೆ ಬೇಕಾದದ್ದು ಹೆಸರಿನ ಪಾಠ ಅಲ್ಲ, ಬಿ-ಡಿ ಅಭ್ಯಾಸ. ಮರಳಿನ ತಟ್ಟೆಯಲ್ಲಿ ಬೆರಳಿನಿಂದ ಬರೆಸುತ್ತೇನೆ. ಬಿ ಆದರೆ ಮೊದಲು ಕೋಲು, ಆಮೇಲೆ ಹೊಟ್ಟೆ. ಡಿ ಆದರೆ ಮೊದಲು ಹೊಟ್ಟೆ, ಆಮೇಲೆ ಕೋಲು. ಇದು ಸರಿಹೋದ ಮೇಲೆ ನಡುವಿನ ದೊಡ್ಡಕ್ಷರ ತಾನಾಗೇ ಕಮ್ಮಿಯಾಗುತ್ತದೆ.

ವಾರ, ತಿಂಗಳು, ಹಬ್ಬ, ಭಾಷೆಗಳನ್ನು ಹಾಡಿನ ಹಾಗೆ ಬಾಯಿಪಾಠ ಮಾಡಿಸುತ್ತೇನೆ. ಮಂಡೇ ದೊಡ್ಡದು, ಮಾರ್ಕೆಟ್ ಚಿಕ್ಕದು. ಸಮ್ಮರ್, ವಿಂಟರ್ ಮಾತ್ರ ಚಿಕ್ಕಕ್ಷರದಲ್ಲೇ ಇರುತ್ತವೆ. ಯಾಕೆ ಅಂದರೆ, ಹಾಗೇ ರೂಢಿ. ಎಲ್ಲದಕ್ಕೂ ಕಾರಣ ಕೊಡಲು ಹೋಗಬಾರದು. ಕನ್ನಡ ಅಂತ ಇಂಗ್ಲಿಷಿನಲ್ಲಿ ಬರೆಯುವಾಗ ಚಿಕ್ಕ ಕೆ ಹಾಕುವವರು ದೊಡ್ಡವರಲ್ಲೂ ಕಮ್ಮಿ ಇಲ್ಲ ಬಿಡಿ.

ಹೊರಗಿನ ಲೋಕ ನಮ್ಮ ಪಾಠಕ್ಕೆ ಅಷ್ಟಾಗಿ ಸಹಾಯ ಮಾಡುವುದಿಲ್ಲ. ಅಂಗಡಿ ಬೋರ್ಡುಗಳಲ್ಲಿ ಎಷ್ಟೋ ಕಡೆ ಎಲ್ಲವೂ ದೊಡ್ಡಕ್ಷರ. ಬ್ಯಾಂಕಿನ ಫಾರಂ ತುಂಬುವಾಗಲೂ ಅಪ್ಪ ಇಡೀ ಹೆಸರನ್ನು ದೊಡ್ಡಕ್ಷರದಲ್ಲೇ ಬರೆಯುತ್ತಾರೆ. ಅದನ್ನು ನೋಡಿದ ಮಗು ತನ್ನ ಹೆಸರನ್ನೂ ಹಾಗೇ ಬರೆದು ತರುತ್ತದೆ. 'ಫಾರಂನಲ್ಲಿ ಹಾಗೆ, ನೋಟ್‌ಬುಕ್ಕಿನಲ್ಲಿ ಹೀಗೆ' ಅನ್ನುತ್ತೇನೆ, ಒಪ್ಪಿಕೊಳ್ಳುತ್ತಾರೆ. ಇನ್ನೊಬ್ಬ ತನ್ನ ಟೀ ಶರ್ಟ್ ತೋರಿಸಿ, 'ಅಡಿಡಾಸ್ ಹೆಸರಲ್ಲೇನ್ರೀ ಟೀಚರ್, ಚಿಕ್ಕ ಎ ಯಾಕ ಐತಿ?' ಅಂದ. ಹುಡುಗ ಸರಿಯಾಗೇ ಹಿಡಿದಿದ್ದ, ಆ ಗುರುತಿನಲ್ಲಿ ಎಲ್ಲವೂ ಚಿಕ್ಕಕ್ಷರವೇ. ಕಂಪನಿಯವರು ಅಂಗಿ ಮೇಲೆ ಚಂದಕ್ಕೆ ಹೇಗೆ ಬೇಕಾದರೂ ಬರೆಸಿಕೊಳ್ಳಲಿ, ನಾವು ಪುಸ್ತಕದಲ್ಲಿ ಬರೆಯುವಾಗ ದೊಡ್ಡ ಎ ಹಾಕೋಣ ಅಂದೆ.

ಇನಿಶಿಯಲ್ ಬಗ್ಗೆ ಒಂದು ಮಾತು. ಊರು, ಅಪ್ಪ ಇಬ್ಬರೂ ಒಂದೊಂದು ಅಕ್ಷರದಲ್ಲಿ ಕೂತಿರುವ ಹೆಸರು ನಮ್ಮಲ್ಲಿ ಬೇಕಾದಷ್ಟು. ಆ ಅಕ್ಷರ ಎಲ್ಲಿಂದ ಬಂತು ಅಂತ ಮನೆಯಲ್ಲಿ ಕೇಳಿಕೊಂಡು ಬರಲು ಹೇಳುತ್ತೇನೆ. ಗೊತ್ತಾದ ಮೇಲೆ ಅದನ್ನು ಚಿಕ್ಕದಾಗಿ ಬರೆಯುವುದು ನಿಲ್ಲುತ್ತದೆ.

ತಿದ್ದುವಾಗ ಒಂದು ಪುಟದಲ್ಲಿ ಒಂದೇ ವಿಷಯ ನೋಡುತ್ತೇನೆ. ಹೆಸರಿನ ದೊಡ್ಡಕ್ಷರ ನೋಡುವ ದಿನ ಸ್ಪೆಲ್ಲಿಂಗ್ ಮುಟ್ಟುವುದಿಲ್ಲ. ತಪ್ಪಿದ ಕಡೆ ಅಂಚಿನಲ್ಲಿ ಒಂದು ಚುಕ್ಕಿ ಇಡುತ್ತೇನೆ, ಯಾವ ಪದ ಅಂತ ಅವರೇ ಹುಡುಕಬೇಕು.

ಮದರ್ ಪದವನ್ನು ಹೆಸರಿನ ಹಾಗೆ ಕರೆದರೆ ದೊಡ್ಡ ಎಮ್, ಮೈ ಮದರ್ ಅಂದರೆ ಚಿಕ್ಕ ಎಮ್. ಇದನ್ನು ಮೂರನೇ ತರಗತಿಯವರೆಗೆ ನಾನು ಎತ್ತುವುದಿಲ್ಲ. ಮುಂದೆ ಕನ್ನಡ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ ಕಲಿಯುವ ಹೊತ್ತಿಗೆ ಇದನ್ನೂ ಸೇರಿಸಿ ಹೇಳಿ ಅಂತ ಮೇಲಿನ ತರಗತಿಯ ಮೇಷ್ಟ್ರಿಗೆ ಹೇಳಿದ್ದೇನೆ.