ವಿಶ್ವವಿದ್ಯಾಲಯದಲ್ಲಿ ಮುಷ್ಕರ ನಡೆದಾಗ ವಿದ್ಯಾರ್ಥಿಗಳು ಮಾಡಿಕೊಳ್ಳಬೇಕಾದ ಕೆಲಸಗಳು

ಕಾಲೇಜಿನ ಗೇಟಿನ ಮುಂದೆ ಧರಣಿಯ ಶಾಮಿಯಾನ ಎದ್ದ ದಿನ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ನಮ್ಮ ಭಾಗದಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಮಧ್ಯಾಹ್ನದ ಹೊತ್ತಿಗೆಲ್ಲ ಚಿಂಚೋಳಿಗೋ ಔರಾದಿಗೋ ಸುರಪುರಕ್ಕೋ ಹೋಗುವ ಬಸ್ಸು ಹತ್ತಿರುತ್ತಾರೆ. ಹಾಗೆ ಊರಿಗೆ ಹೊರಡುವ ಮೊದಲು ಮುಷ್ಕರ ಹೂಡಿರುವವರು ಯಾರು ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ನಿಂತುಹೋಗುವ ಕೆಲಸ ಯಾವುದು, ನಡೆಯುತ್ತಲೇ ಇರುವ ಕೆಲಸ ಯಾವುದು ಎಂಬುದು ಆ ಒಂದು ಸಂಗತಿಯ ಮೇಲೆ ನಿಂತಿರುತ್ತದೆ. ಪಾಠ ನಿಂತ ಮಾತ್ರಕ್ಕೆ ಶುಲ್ಕದ ಕಡೆಯ ದಿನಾಂಕವಾಗಲಿ ವಿದ್ಯಾರ್ಥಿವೇತನದ ಅರ್ಜಿಯ ಗಡುವಾಗಲಿ ತಾನಾಗಿಯೇ ಮುಂದಕ್ಕೆ ಹೋಗುವುದಿಲ್ಲ.

ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಹೆಚ್ಚಾಗಿ ಕಾಣುವುದು ಅತಿಥಿ ಉಪನ್ಯಾಸಕರ ತರಗತಿ ಬಹಿಷ್ಕಾರ. 2021ರ ಡಿಸೆಂಬರ್‌ನಿಂದ 2022ರ ಜನವರಿಯವರೆಗೆ ಮತ್ತು 2023ರ ನವೆಂಬರ್‌ನಿಂದ 2024ರ ಜನವರಿಯವರೆಗೆ ರಾಜ್ಯದಾದ್ಯಂತ ಇಂಥ ಹೋರಾಟ ನಡೆದಿತ್ತು. ಎರಡೂ ಸಲ ಸೇವಾ ಭದ್ರತೆಯೇ ಮುಖ್ಯ ಬೇಡಿಕೆಯಾಗಿತ್ತು, ಎರಡೂ ಸಲ ಅದು ವಾರಗಟ್ಟಲೆ ಎಳೆಯಿತು. ಖಾಯಂ ಅಧ್ಯಾಪಕರ ಹುದ್ದೆಗಳು ಖಾಲಿ ಉಳಿದಿರುವ ನಮ್ಮ ಜಿಲ್ಲೆಗಳ ಕಾಲೇಜುಗಳಲ್ಲಿ ಪಾಠದ ಕಾರ್ಯಭಾರದ ದೊಡ್ಡ ಪಾಲು ಅತಿಥಿ ಉಪನ್ಯಾಸಕರ ಹೆಗಲ ಮೇಲಿರುವುದರಿಂದ, ಅವರು ಹೊರಗುಳಿದರೆ ಕೆಲವು ವಿಷಯಗಳ ಪಾಠ ಪೂರ್ತಿ ನಿಲ್ಲುತ್ತದೆ. ಬೋಧಕೇತರ ಸಿಬ್ಬಂದಿಯ ಮುಷ್ಕರದ ಸ್ವರೂಪ ಬೇರೆ. ಆಗ ತರಗತಿಗಳು ನಡೆಯುತ್ತಿರುತ್ತವೆ, ಆದರೆ ಅಂಕಪಟ್ಟಿ, ವರ್ಗಾವಣೆ ಪತ್ರ, ವಲಸೆ ಪ್ರಮಾಣಪತ್ರಗಳು ಮೇಜಿನ ಮೇಲೆಯೇ ಉಳಿಯುತ್ತವೆ. ಖಾಯಂ ಅಧ್ಯಾಪಕರು ಮೌಲ್ಯಮಾಪನ ಬಹಿಷ್ಕರಿಸಿದರೆ ಫಲಿತಾಂಶ ತಡವಾಗುತ್ತದೆ. ವಸತಿನಿಲಯದ ಅಡುಗೆಯವರು ಕೆಲಸ ನಿಲ್ಲಿಸಿದರೆ ಅಂದಿನ ರಾತ್ರಿಯ ಊಟಕ್ಕೇ ತೊಂದರೆ. ಕಪ್ಪು ಪಟ್ಟಿ ಧರಿಸಿ ಕೆಲಸ ಮಾಡುವುದೂ ಪ್ರತಿಭಟನೆಯೇ ಆದರೂ ಅಂದು ಪಾಠ ತಪ್ಪುವುದಿಲ್ಲ.

ಮುಷ್ಕರದ ಕರೆ ಬಂದ ಮಾತ್ರಕ್ಕೆ ಅದು ದೀರ್ಘಕಾಲ ನಡೆಯುತ್ತದೆಂದು ಎಣಿಸಬಾರದು. 2023ರ ಮಾರ್ಚ್ 1ರಂದು ರಾಜ್ಯ ಸರ್ಕಾರಿ ನೌಕರರು ಆರಂಭಿಸಿದ ಅನಿರ್ದಿಷ್ಟಾವಧಿ ಮುಷ್ಕರ, ಸರ್ಕಾರ ಶೇಕಡಾ 17ರ ಮಧ್ಯಂತರ ಪರಿಹಾರ ಘೋಷಿಸಿದ ಕೂಡಲೇ ಅದೇ ದಿನ ಮುಗಿದುಹೋಯಿತು. ಸುದ್ದಿ ಕೇಳಿ ಊರಿಗೆ ಹೋದವರಿಗೆ ಅಲ್ಲಿಂದ ಮರುದಿನವೇ ಹೊರಳಿ ಬರಬೇಕಾಗುತ್ತದೆ.

ಹಾಜರಾತಿಯ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. ಪರೀಕ್ಷೆಗೆ ಕೂರಲು ಬೇಕಾದ ಶೇಕಡಾ 75ರ ಹಾಜರಾತಿಯನ್ನು ಸಾಮಾನ್ಯವಾಗಿ ನಡೆದ ತರಗತಿಗಳ ಆಧಾರದ ಮೇಲೆ, ಒಂದೊಂದು ವಿಷಯಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕುತ್ತಾರೆ. ನಡೆಯದ ತರಗತಿಗೆ ಗೈರುಹಾಜರಿ ಬೀಳುವುದಿಲ್ಲ ಎಂಬ ಸಮಾಧಾನದಲ್ಲೇ ಅಪಾಯ ಅಡಗಿದೆ. ಒಂದೇ ವಿಭಾಗದಲ್ಲಿ ಇಬ್ಬರು ಖಾಯಂ ಅಧ್ಯಾಪಕರು, ನಾಲ್ವರು ಅತಿಥಿ ಉಪನ್ಯಾಸಕರು ಇದ್ದರೆ, ಮುಷ್ಕರದ ದಿನಗಳಲ್ಲಿಯೂ ಆ ಇಬ್ಬರ ತರಗತಿಗಳು ವೇಳಾಪಟ್ಟಿಯಂತೆ ನಡೆಯುತ್ತವೆ. "ಯಾರೂ ಬರೋದಿಲ್ಲಂತ" ಎಂಬ ವಾಟ್ಸ್ಆ್ಯಪ್ ಮಾತು ನಂಬಿ ಊರಲ್ಲಿ ಕುಳಿತವರ ಹೆಸರಿನ ಮುಂದೆ ಆ ವಿಷಯಗಳಲ್ಲಿ ಗೈರು ಬೀಳುತ್ತಲೇ ಹೋಗುತ್ತದೆ. ಆದ್ದರಿಂದ ಒಂದು ನೋಟುಬುಕ್ಕಿನಲ್ಲಿ ದಿನಾಂಕ, ವಿಷಯ, ತರಗತಿ ನಡೆಯಿತೇ ಇಲ್ಲವೇ ಎಂದು ಬರೆದಿಡಿ. ಸೂಚನಾ ಫಲಕದಲ್ಲಿ ಅಂಟಿಸಿದ ಪ್ರತಿ ಸುತ್ತೋಲೆಯನ್ನೂ ಕ್ರಮಾಂಕ ಮತ್ತು ದಿನಾಂಕ ಕಾಣುವಂತೆ ಫೋಟೊ ತೆಗೆದುಕೊಳ್ಳಿ. ಮುಂದೆ ಹಾಜರಾತಿ ಕೊರತೆಯೆಂದು ಪರೀಕ್ಷೆಗೆ ಕೂರಿಸದಿದ್ದರೆ, ಇಡೀ ತರಗತಿಯವರ ಬಾಯಿಮಾತಿಗಿಂತ ಈ ನೋಟುಬುಕ್ಕಿಗೆ ಹೆಚ್ಚು ತೂಕವಿರುತ್ತದೆ.

ಶುಲ್ಕ ಮತ್ತು ಅರ್ಜಿಗಳ ಗಡುವುಗಳನ್ನು ಮುಷ್ಕರ ಆರಂಭವಾದ ವಾರದಲ್ಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಬೇಕು. ಪರೀಕ್ಷಾ ಅರ್ಜಿಯನ್ನು ವಿಶ್ವವಿದ್ಯಾಲಯ ಮತ್ತು ಕಾಲೇಜುಗಳ ಏಕೀಕೃತ ಆನ್‌ಲೈನ್ ವ್ಯವಸ್ಥೆಯಾದ ಯು.ಯು.ಸಿ.ಎಂ.ಎಸ್. ತಂತ್ರಾಂಶದಲ್ಲಿ ನೀವೇ ಭರ್ತಿ ಮಾಡಬಹುದಾದರೂ ಅದಕ್ಕೆ ಕಾಲೇಜಿನ ಅನುಮೋದನೆ ಬೇಕಾಗುತ್ತದೆ. ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್‌ನ ಅರ್ಜಿಯೂ ಹಾಗೆಯೇ, ಕಾಲೇಜಿನ ಮಟ್ಟದ ದೃಢೀಕರಣವಿಲ್ಲದೆ ಮುಂದೆ ಸಾಗುವುದಿಲ್ಲ. ವಸತಿನಿಲಯ ಸಿಗದವರಿಗೆ ಊಟ, ವಸತಿಗೆಂದು ಸರ್ಕಾರ 10 ತಿಂಗಳು ಕೊಡುವ ವಿದ್ಯಾಸಿರಿಯ ಹಣದಲ್ಲೇ ಕಲಬುರಗಿಯಲ್ಲಿ ಕೋಣೆ ಮಾಡಿಕೊಂಡಿರುವ ವಿದ್ಯಾರ್ಥಿಗೆ, ಒಬ್ಬ ಗುಮಾಸ್ತರ ಗೈರುಹಾಜರಿಯಿಂದ ಅರ್ಜಿ ಅರ್ಧಕ್ಕೆ ನಿಂತರೆ ಇಡೀ ವರ್ಷದ ಬಾಡಿಗೆ ತಪ್ಪುತ್ತದೆ. ಅರ್ಜಿ ಸಲ್ಲಿಸಿದ ಕೂಡಲೇ ಅದರ ಮುದ್ರಿತ ಪ್ರತಿ ತೆಗೆದಿಟ್ಟುಕೊಂಡು, ಪ್ರಾಂಶುಪಾಲರಿಗೆ ಕ್ರಮಾಂಕ ಸಹಿತ ಲಿಖಿತವಾಗಿ ತಿಳಿಸಿ. ಪ್ರಾಂಶುಪಾಲರು ಅಥವಾ ಪ್ರಭಾರ ವಹಿಸಿರುವ ಹಿರಿಯ ಅಧ್ಯಾಪಕರು ಕಾಲೇಜಿನಲ್ಲಿದ್ದರೆ ದೃಢೀಕರಣದ ಕೆಲಸ ಅವರಿಂದಲೇ ಆಗಬಹುದು.

ಯಾವ ಕಚೇರಿಗೆ ಬರೆಯಬೇಕೆಂಬ ಗೊಂದಲ ನಮ್ಮ ಮೂರು ಜಿಲ್ಲೆಗಳಲ್ಲಿ ತುಸು ಹೆಚ್ಚು. 1980ರಲ್ಲಿ ಸ್ಥಾಪನೆಯಾದ ಗುಲಬರ್ಗಾ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲಿದ್ದ ಯಾದಗಿರಿ ಜಿಲ್ಲೆಯ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯಕ್ಕೆ ಸೇರಿವೆ, ಬೀದರ್ ಜಿಲ್ಲೆಗೂ 2023ರಲ್ಲಿ ಪ್ರತ್ಯೇಕ ವಿಶ್ವವಿದ್ಯಾಲಯ ಬಂದಿದೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ರಾಜ್ಯದ ಆದೇಶಗಳು ನೇರವಾಗಿ ಅನ್ವಯಿಸುವುದಿಲ್ಲ. ಹೀಗಿರುವಾಗ ಕಲಬುರಗಿಯಲ್ಲಿ ಮುಷ್ಕರವೆಂಬ ಸುದ್ದಿ ಶಹಾಪುರದ ವಿದ್ಯಾರ್ಥಿಗೆ ಸಂಬಂಧವೇ ಇಲ್ಲದ್ದಾಗಿರಬಹುದು. ಹಳೆಯ ವಿಷಯಗಳನ್ನು ಬಾಕಿ ಉಳಿಸಿಕೊಂಡವರಿಗೆ ಮಾತ್ರ ಗುಲಬರ್ಗಾ ವಿಶ್ವವಿದ್ಯಾಲಯದೊಂದಿಗೆ ಸಂಬಂಧ ಇನ್ನೂ ಉಳಿದಿರಬಹುದು. ನಿಮ್ಮ ಅಂಕಪಟ್ಟಿಯ ತಲೆಯ ಮೇಲೆ ಯಾವ ವಿಶ್ವವಿದ್ಯಾಲಯದ ಹೆಸರಿದೆಯೋ ಅಲ್ಲಿಗೇ ಬರೆಯಿರಿ. ಪರೀಕ್ಷೆ ಮತ್ತು ಫಲಿತಾಂಶದ ವಿಷಯವಾದರೆ ಮನವಿ ಹೋಗಬೇಕಾದದ್ದು ಮೌಲ್ಯಮಾಪನ ಕುಲಸಚಿವರಿಗೆ, ಪಾಠ, ಪ್ರವೇಶ ಮತ್ತು ಆಡಳಿತದ ವಿಷಯವಾದರೆ ಕುಲಸಚಿವರಿಗೆ. ಎಲ್ಲದಕ್ಕೂ ನೇರವಾಗಿ ಕುಲಪತಿಗಳಿಗೇ ಬರೆಯುವ ಅಭ್ಯಾಸ ನಮ್ಮಲ್ಲಿದೆ. ಆ ಪತ್ರ ಕಡೆಗೆ ಬಂದು ಸೇರುವುದು ಇವರಿಬ್ಬರಲ್ಲೊಬ್ಬರ ಮೇಜಿಗೇ, ನಾಲ್ಕು ದಿನ ತಡವಾಗಿ.

ಮನವಿ ಒಂದೇ ಪುಟದಲ್ಲಿರಲಿ, ಒಂದೇ ವಿಷಯದ ಬಗ್ಗೆ ಇರಲಿ. ಎಷ್ಟು ದಿನದಿಂದ ಯಾವ ಪತ್ರಿಕೆಯ ಪಾಠ ನಡೆದಿಲ್ಲ, ಎಷ್ಟು ಘಟಕ ಉಳಿದಿದೆ, ಪರೀಕ್ಷೆ ಯಾವಾಗ ಎಂಬುದನ್ನು ಹೇಳಿ, ಪೂರಕ ತರಗತಿ ಬೇಕೋ ದಂಡವಿಲ್ಲದೆ ಶುಲ್ಕ ಕಟ್ಟಲು ಕಾಲಾವಕಾಶ ಬೇಕೋ ಎಂಬುದನ್ನು ಸ್ಪಷ್ಟವಾಗಿ ಬರೆಯಿರಿ. ಮುಷ್ಕರನಿರತರ ಮೇಲೆ ಕ್ರಮ ಕೈಗೊಳ್ಳಿ ಎಂಬ ಸಾಲು ಸೇರಿಸುವುದು ನನ್ನ ದೃಷ್ಟಿಯಲ್ಲಿ ತಪ್ಪು ದಾರಿ. ನಾಳೆ ನಿಮ್ಮ ಆಂತರಿಕ ಅಂಕ ಕೊಡುವವರು ಅವರೇ ಎಂಬ ಭಯಕ್ಕಾಗಿ ಈ ಮಾತು ಹೇಳುತ್ತಿಲ್ಲ, ಅವರ ಬೇಡಿಕೆ ಬಗೆಹರಿಯದೆ ನಿಮ್ಮ ಪಾಠ ಸರಿಹೋಗುವುದಿಲ್ಲ ಎಂಬುದಕ್ಕಾಗಿ. ಮನವಿಯ ಎರಡು ಪ್ರತಿ ಒಯ್ದು, ಒಂದನ್ನು ಟಪಾಲು ವಿಭಾಗಕ್ಕೆ ಕೊಟ್ಟು, ಇನ್ನೊಂದರ ಮೇಲೆ ಮೊಹರು ಮತ್ತು ಆವಕ ಸಂಖ್ಯೆ (ಬಂದ ಪತ್ರಕ್ಕೆ ಕಚೇರಿ ಕೊಡುವ ಕ್ರಮಾಂಕ) ಹಾಕಿಸಿಕೊಳ್ಳಿ. ಕಚೇರಿ ಮುಚ್ಚಿದ್ದರೆ ಅಂಚೆಯಲ್ಲಿ ಸ್ವೀಕೃತಿ ಬರುವಂತೆ ಕಳುಹಿಸಿ, ರಸೀದಿ ಇಟ್ಟುಕೊಳ್ಳಿ. ಉತ್ತರವೇ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ, ನಮ್ಮ ರಾಜ್ಯದ ನಿಯಮದಂತೆ ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದಗಳೊಳಗೆ ಅರ್ಜಿ ಬರೆದು ಆ ಆವಕ ಸಂಖ್ಯೆಯ ಪತ್ರದ ಮೇಲೆ ಕೈಗೊಂಡ ಕ್ರಮದ ವಿವರ ಕೇಳಬಹುದು. 30 ದಿನಗಳೊಳಗೆ ಉತ್ತರ ಕೊಡಬೇಕಾದದ್ದು ಅವರ ಹೊಣೆ.

ಪ್ರಮಾಣಪತ್ರ ಸಿಗದೆ ಬೇರೆಡೆಯ ಪ್ರವೇಶ ತಪ್ಪುವ ಭಯವಿರುವವರು ಸೇರಬೇಕಾದ ಸಂಸ್ಥೆಯನ್ನು ಮೊದಲೇ ಸಂಪರ್ಕಿಸಿ, ಆನ್‌ಲೈನ್ ಫಲಿತಾಂಶದ ಪ್ರತಿಯೊಂದಿಗೆ ಮುಚ್ಚಳಿಕೆ ಬರೆದುಕೊಟ್ಟರೆ ಮೂಲ ದಾಖಲೆಗಳಿಗೆ ಸಮಯ ಕೊಡುವರೇ ಎಂದು ಕೇಳಬೇಕು. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಬಂದಿದೆಯೇ ಎಂದೂ ನೋಡಿಕೊಳ್ಳಿ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ, ಜಾತಿ ಮತ್ತು ಆದಾಯ ಪತ್ರಗಳು ಕಂದಾಯ ಇಲಾಖೆಯವು, ಅವುಗಳಿಗೂ ವಿಶ್ವವಿದ್ಯಾಲಯದ ಮುಷ್ಕರಕ್ಕೂ ಸಂಬಂಧವಿಲ್ಲ. ಬಿಡುವಾದ ಈ ದಿನಗಳಲ್ಲೇ ಅವನ್ನು ಮಾಡಿಸಿಟ್ಟುಕೊಳ್ಳುವುದು ಜಾಣತನ.

ಓದಿನ ಮಾತಿಗೆ ಬಂದರೆ, ಧರಣಿಯಲ್ಲಿ ಕುಳಿತ ಉಪನ್ಯಾಸಕರಿಗೆ ಫೋನಿನಲ್ಲಿ ಪಾಠ ಮಾಡಿ ಎಂದು ಒತ್ತಾಯಿಸಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಯಾವ ಘಟಕದವರೆಗೆ ಆಗಿದೆ, ಉಳಿದದ್ದಕ್ಕೆ ಯಾವ ಪುಸ್ತಕ ನೋಡಬೇಕು ಎಂದು ಕೇಳಿದರೆ ಬಹುತೇಕರು ಸಂತೋಷದಿಂದ ಹೇಳುತ್ತಾರೆ. ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಇ-ಪಿ.ಜಿ. ಪಾಠಶಾಲೆ ಎಂಬ ಜಾಲತಾಣದ ಪಾಠಗಳು ಉಚಿತವಾಗಿ ಸಿಗುತ್ತವೆ, ಪದವಿಯವರಿಗೆ ಕೇಂದ್ರ ಸರ್ಕಾರದ 'ಸ್ವಯಂ' ಆನ್‌ಲೈನ್ ಪಾಠಗಳ ತಾಣವಿದೆ. ಕನ್ನಡ ಮಾಧ್ಯಮದವರಿಗೆ ಇವು ಅಷ್ಟಾಗಿ ಒದಗುವುದಿಲ್ಲ. ಅವರು ಗ್ರಂಥಾಲಯದಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಹಿಡಿದು ನಾಲ್ಕೈದು ಜನ ಸೇರಿ ಓದುವುದೇ ಮೇಲು.

ಮುಷ್ಕರ ಹಿಂತೆಗೆದ ಮೇಲೆ ಎಲ್ಲವೂ ಒಮ್ಮೆಲೇ ಓಡತೊಡಗುತ್ತದೆ. ಭಾನುವಾರವೂ ತರಗತಿ, ಪರೀಕ್ಷೆಗಳ ನಡುವೆ ಬಿಡುವಿಲ್ಲದ ವೇಳಾಪಟ್ಟಿ, ಅವಸರದ ಮೌಲ್ಯಮಾಪನ. ಅಂಕ ನಮೂದಿಸುವಾಗ ತಪ್ಪು ನುಸುಳುವುದು ಇಂಥ ಹೊತ್ತಿನಲ್ಲಿಯೇ. ಆಂತರಿಕ ಅಂಕಗಳು ನಿಮ್ಮ ಖಾತೆಯಲ್ಲಿ ಸರಿಯಾಗಿ ಬಿದ್ದಿವೆಯೇ ಎಂದು ಪರೀಕ್ಷೆಗೆ ಮೊದಲೇ ನೋಡಿ. ಫಲಿತಾಂಶದ ದಿನ ಬರೆದ ಪತ್ರಿಕೆಗೆ ಗೈರು ಎಂದು ತೋರಿಸಿದರೆ, ಆ ದಿನ ಕೊಠಡಿ ಮೇಲ್ವಿಚಾರಕರು ಸಹಿ ಮಾಡಿದ ಪ್ರವೇಶಪತ್ರವೇ ನಿಮ್ಮ ಕೈಯಲ್ಲಿರುವ ಪುರಾವೆ. ಪರೀಕ್ಷೆ ಮುಗಿದ ಸಂಜೆ ಅದನ್ನು ಎಸೆಯದೆ, ಅಂಕಪಟ್ಟಿ ಕೈಗೆ ಬರುವವರೆಗೂ ಆವಕ ಸಂಖ್ಯೆಯ ಪತ್ರಗಳ ಜೊತೆ ಅದೇ ಫೈಲಿನಲ್ಲಿ ಇಡಿ.