ಪನ್ನೀರ್ ಸೋಡಾ ಕೊನೆಗೂ ಕೈ ಹಿಡಿಯಿತು

ಮನೆಯಲ್ಲಿ ಮಾಡಿದ ಪನ್ನೀರ್ (ಗುಲಾಬಿ ನೀರಿನ) ಸೋಡಾ ಅಂಗಡಿಯದ್ದರ ಹತ್ತಿರಕ್ಕೂ ಬರೋದಿಲ್ಲ ಅಂತ ಭಾವ ಎರಡು ವರ್ಷ ಹೇಳುತ್ತಲೇ ಇದ್ದರು. "ಲೋ, ಒಂದು ಸೋಡಾಗೆ ಇಷ್ಟೊಂದು ಒದ್ದಾಟ ಯಾಕೋ?" ಅನ್ನೋರು. ಈ ಸಲ ಯುಗಾದಿಗೆ ಬಂದವರು ಮೂರು ಲೋಟ ಕುಡಿದರು. ಹೊರಡುವಾಗ ಒಂದು ಬಾಟಲಿ ಸಿರಪ್ ಕೇಳಿ ತೆಗೆದುಕೊಂಡು ಹೋದರು. ಅದಕ್ಕೇ ಬರೆಯುತ್ತಿದ್ದೇನೆ.

ಪಾಕ ಕಾಯಿಸೋದು, ಸೋಡಾ ಮೆಷಿನ್ ನಡೆಸೋದು ನಿಮಗೆ ಗೊತ್ತಿರುತ್ತೆ. ನನ್ನ ಪಾಕ ಎರಡು ಕೇಜಿ ಸಕ್ಕರೆಗೆ ಒಂದು ಲೀಟರ್ ನೀರು. ಒಂದು ಪಾಲು ಸಿರಪ್‌ಗೆ ಆರು ಪಾಲು ಸೋಡಾ. ಇಷ್ಟು ಮೊದಲ ದಿನದಿಂದಲೂ ಬದಲಾಗಿಲ್ಲ. ಬದಲಾಗಿದ್ದು ಉಳಿದದ್ದೆಲ್ಲ.

ಮೊದಲ ತಪ್ಪು, ಬಿಸಿ ಪಾಕವನ್ನೇ ಚಮಚದಲ್ಲಿ ನೆಕ್ಕಿ ರುಚಿ ನೋಡುತ್ತಿದ್ದೆ. ಚಮಚದಲ್ಲಿ ಅಮೃತದ ಹಾಗಿರೋದು. ತಣ್ಣನೆ ಸೋಡಾಕ್ಕೆ ಹಾಕಿದರೆ ಸಪ್ಪೆ. ತಣ್ಣಗಾದಾಗ ಸಿಹಿಯೂ ಕುಗ್ಗುತ್ತೆ, ಘಮವೂ ಕುಗ್ಗುತ್ತೆ, ಗ್ಯಾಸ್‌ನ ಹುಳಿ ಬೇರೆ ಸೇರಿಕೊಳ್ಳುತ್ತೆ. ಈಗ ಫ್ರಿಜ್‌ನ ಸೋಡಾದಲ್ಲಿ ಬೆರೆಸದೆ ಒಂದು ಹನಿಯನ್ನೂ ತೀರ್ಮಾನ ಮಾಡೋದಿಲ್ಲ.

ಎರಡನೆಯದು ಎಸೆನ್ಸ್. ಚಿಕ್ಕಪೇಟೆ ಕಡೆಯಿಂದ ರೋಸ್ ಎಸೆನ್ಸ್ ತಂದು ಹನಿ ಎಣಿಸಿ ಹಾಕುತ್ತಿದ್ದೆ. ಒಂದು ಡ್ರಾಪರ್‌ನ ಹನಿ ಇನ್ನೊಂದರ ಹನಿಯಷ್ಟೇ ಇರೋದಿಲ್ಲ. ಒಂದು ಸಲ ಜಾಸ್ತಿ ಬಿತ್ತು, ಸೋಪಿನ ನೀರು ಕುಡಿದ ಹಾಗಾಯಿತು. ನಾಲ್ಕು ಲೀಟರ್ ಸಿಂಕ್‌ಗೆ ಸುರಿದೆ. ಆ ಘಮ ಅಡುಗೆಮನೆಯಿಂದ ಎರಡು ದಿನ ಹೋಗಲಿಲ್ಲ. ಆಮೇಲೆ ಆರುನೂರು ರೂಪಾಯಿ ಕೊಟ್ಟು ಚಿನ್ನ ತೂಗುವಂಥ ಪುಟ್ಟ ತಕ್ಕಡಿ ಕೊಂಡೆ. ಎಸೆನ್ಸನ್ನು ಮೊದಲು ಒಂದಕ್ಕೆ ಒಂಬತ್ತರಂತೆ ಪಾಕದಲ್ಲಿ ತೆಳು ಮಾಡಿಟ್ಟು, ಅದನ್ನೇ ತೂಗಿ ಹಾಕುತ್ತೇನೆ. ಕೈ ತಪ್ಪಿದರೂ ನಷ್ಟ ಸಣ್ಣದು.

ಜಾಸ್ತಿ ದುಡ್ಡು ಹಾಳಾಗಿದ್ದು ನೀರಿನಿಂದ. 2024ರ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿಲ್ಲದೆ ಒದ್ದಾಡಿದ್ದು ನೆನಪಿದೆ ಅಲ್ವಾ? ನಮ್ಮ ಬೀದಿಗೆ ಕಾವೇರಿ ನಿಂತು ಬೋರ್‌ವೆಲ್ ಟ್ಯಾಂಕರ್ ಬಂತು. ಅದೇ ಲೆಕ್ಕ, ಅದೇ ತೂಕ, ಆದರೆ ಹುಳಿಯೇ ಇಲ್ಲ. ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಹೆಚ್ಚಿಸುತ್ತಾ ಹೋದೆ, ಎಸೆನ್ಸ್ ಬದಲಿಸಿದೆ, ಅಂಗಡಿಯವನ ಮೇಲೆ ಅನುಮಾನಪಟ್ಟೆ. ಗಡಸು ನೀರಿನ ಕ್ಷಾರ ಹುಳಿಯನ್ನು ತಿಂದುಹಾಕುತ್ತೆ ಅಂತ ಹೊಳೆಯೋ ಹೊತ್ತಿಗೆ ಎರಡು ತಿಂಗಳು, ಎರಡೂವರೆ ಸಾವಿರ ಹೋಗಿತ್ತು. ಎಲ್ಲ ಸೇರಿ ಏಳು ಸಾವಿರ ಕಳೆದಿರಬೇಕು. ಈಗ ಆರ್‌ಓ ನೀರಿಗೇ ಗ್ಯಾಸ್ ತುಂಬಿಸುತ್ತೇನೆ.

ಗೆದ್ದಿದ್ದು ಕ್ರಮ ತಿರುಗಿಸಿದ ಮೇಲೆ. ಎಲ್ಲರೂ ಘಮದಿಂದ ಶುರು ಮಾಡುತ್ತಾರೆ. ನಾನು ಹುಳಿಯಿಂದ. ಘಮವಿಲ್ಲದ ಬರೀ ಪಾಕಕ್ಕೆ ಲೀಟರಿಗೆ ಹತ್ತು ಹನ್ನೆರಡು ಗ್ರಾಂ ನಿಂಬೆ ಉಪ್ಪು, ಬೆರಳ ತುದಿಯಷ್ಟು ಅಡುಗೆ ಉಪ್ಪು. ಅದನ್ನೇ ಸೋಡಾದಲ್ಲಿ ಕುಡಿದು, ಇನ್ನೊಂದು ಗುಟುಕು ಬೇಕು ಅನ್ನಿಸಬೇಕು. ಅನ್ನಿಸದಿದ್ದರೆ ಯಾವ ಗುಲಾಬಿಯೂ ಅದನ್ನು ಉಳಿಸೋದಿಲ್ಲ. ಪಾಕ ಪೂರ್ತಿ ಆರಿದ ಮೇಲೆ ಪನ್ನೀರು, ಕೊನೆಗೆ ಎಸೆನ್ಸ್, ಅದೂ ಬೇಕು ಅನಿಸಿದ್ದಕ್ಕಿಂತ ಕಡಿಮೆ. ಮೂರು ದಿನ ಮುಚ್ಚಿಡಬೇಕು. ಮೊದಲ ದಿನ ಗುಲಾಬಿ ಒಂದು ಕಡೆ, ಸಿಹಿ ಒಂದು ಕಡೆ ನಿಂತಿರುತ್ತವೆ. ಮೂರನೇ ದಿನ ಬೇರೆ ಮಾಡೋಕಾಗಲ್ಲ.

ಪನ್ನೀರಿನ ಜೊತೆ ಗ್ರಂಧಿಗೆ ಅಂಗಡಿಯ ಒಂದು ಬೇರನ್ನೂ ಚೂರು ಹಾಕುತ್ತೇನೆ. ಯಾವುದು, ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕೆ.ಆರ್. ಮಾರ್ಕೆಟ್‌ನಿಂದ ಗುಲಾಬಿ ತಂದು ನೆನೆಸೋಕೆ ಹೋಗಬೇಡಿ. ಅಲಂಕಾರಕ್ಕೆ ಬೆಳೆದ ಹೂವಿಗೆ ಔಷಧಿ ಹೊಡೆದಿರುತ್ತಾರೆ. ಅತ್ತೆಮನೆ ತಾರಸಿ ಮೇಲಿನ ಪನ್ನೀರ್ ಗುಲಾಬಿಯ ಎಸಳು ನೆನೆಸಿ ನೋಡಿದೆ. ಬಣ್ಣ ಬಂತು, ಜೊತೆಗೆ ಒಗರೂ ಬಂತು. ಬೇರೆ ರುಚಿಗಳನ್ನೂ ಮಾಡಿ ನೋಡಿದೆ. ಫಿಲ್ಟರ್ ಕಾಫಿ ಡಿಕಾಕ್ಷನ್‌ಗೆ ಸೋಡಾ ಹಾಕಿದ್ದು ನೊರೆ ಉಕ್ಕಿ ಕಟ್ಟೆ ತುಂಬಾ ಹರಿಯಿತು, ರುಚಿ ಮಾತ್ರ ಚೆನ್ನಾಗಿತ್ತು. ನಿಜವಾಗಿ ಖುಷಿ ಕೊಟ್ಟಿದ್ದು ಹೇರಳೆಕಾಯಿ. ಬಿಳಿ ಭಾಗ ತಾಗದಂತೆ ಹಸಿರು ಸಿಪ್ಪೆಯನ್ನಷ್ಟೇ ತುರಿದು ಸಕ್ಕರೆ ಜೊತೆ ಕೈಯಲ್ಲಿ ಉಜ್ಜಿದೆ. ಹತ್ತು ನಿಮಿಷಕ್ಕೆ ಸಕ್ಕರೆ ಒದ್ದೆಯಾಗಿ, ತಿಳಿಹಸಿರಾಗಿ, ಬೆರಳಿಗೆ ಅಂಟತೊಡಗಿತು. ಆ ಎಣ್ಣೆಯ ಘಮಕ್ಕೆ ಪಕ್ಕದ ಮನೆ ಆಂಟಿ ಏನು ಮಾಡ್ತಿದ್ದೀರ ಅಂತ ಕೇಳಿಕೊಂಡು ಬಂದರು.

ಈಗ ಲೀಟರ್ ಸಿರಪ್‌ಗೆ ಎಪ್ಪತ್ತೈದು ಎಂಬತ್ತು ರೂಪಾಯಿ ಬೀಳುತ್ತೆ. ಏಳು ಲೀಟರ್ ಸೋಡಾ ಆಗುತ್ತೆ. ಫ್ರಿಜ್‌ನಲ್ಲಿ ಪುನರ್ಪುಳಿ (ಕೋಕಂ) ಸಿರಪ್‌ನ ಎರಡು ಬಾಟಲಿ ಇವೆ, ಒಂದಕ್ಕೆ ಉಪ್ಪು ಹಾಕಿದ್ದೇನೆ, ಒಂದಕ್ಕಿಲ್ಲ. ಭಾನುವಾರ ಭಾವ ಬರುತ್ತಾರೆ. ಯಾವುದು ಯಾವುದು ಅಂತ ಹೇಳದೆ ಎರಡನ್ನೂ ಕೊಡಬೇಕು.